ಒಲೆಯ ಮೇಲೆ ಕೈಯಿಟ್ಟು ಬರೆದ ಪಟ್ಟಿ

ಸುಮ್ಮನೆ ಒಂದು ಕಡೆ ಕೂತಿರುವುದು ನನ್ನಿಂದ ಎಂದೂ ಆಗಿಲ್ಲ. "ಕಾಲಿಗೆ ಚಕ್ರಾ ಕಟ್ಕೊಂಡ ಹುಟ್ಟೀದಿ" ಎಂದು ನಮ್ಮವ್ವ ಬೈಯುತ್ತಿದ್ದಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ, ಧಾರವಾಡದಲ್ಲಿ ಸಮಾಜಕಾರ್ಯದ ಓದು ಮುಗಿಸಿ ಹಳಿಯಾಳದ ಒಂದು ಸಂಸ್ಥೆಗೆ ಕೆಲಸಕ್ಕೆ ಸೇರಿದೆ. ಅಲ್ಲಿ ಈ ದುರ್ಗುಣವೇ ನನ್ನ ದೊಡ್ಡ ಯೋಗ್ಯತೆಯಾಯಿತು. ಬೆಳಿಗ್ಗೆ ಬಸ್ಸು ಹತ್ತುವುದು, ಇಳಿಯುವುದು, ನಡೆಯುವುದು, ಕೇಳುವುದು, ಬರೆಯುವುದು, ಮತ್ತೆ ಬಸ್ಸಿಗೆ ಓಡುವುದು. ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಕಾಡಂಚಿನ ಕೇರಿಗಳು ನನ್ನ ಪಾಲಿಗೆ ಬಂದಿದ್ದವು. ಇಪ್ಪತ್ಮೂರು ವರ್ಷದವಳು ನಾನು. ಬ್ಯಾಗಿನಲ್ಲಿ ನಮೂನೆಗಳ ಕಟ್ಟು, ತಲೆಯಲ್ಲಿ ಸಾಮಾಜಿಕ ನ್ಯಾಯ ಎಂದರೇನು ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಬರೆದಿದ್ದ ಹನ್ನೆರಡು ಪುಟದ ಉತ್ತರ. ಅದಕ್ಕೆ ಒಳ್ಳೆಯ ಅಂಕವೂ ಬಂದಿತ್ತು.

ಸಿದ್ದಿ ಜನರ ಕೇರಿಗಳಲ್ಲಿ ಮನೆಯಿಲ್ಲದ ಕುಟುಂಬಗಳಿಗೆ ಜಾಗ ಕೊಟ್ಟು, ಹೆಂಚಿನ ಮನೆ ಕಟ್ಟಿಕೊಳ್ಳಲು ನೆರವಾಗುವುದು ಸಂಸ್ಥೆಯ ಆ ವರ್ಷದ ಯೋಜನೆ. ಯಾರಿಗೆ ಕೊಡಬೇಕೆಂದು ಪಟ್ಟಿ ಮಾಡುವವಳು ನಾನು. ಒಂದು ಕುಟುಂಬಕ್ಕೆ ಒಂದು ಮನೆ ಎಂಬುದು ನಿಯಮ. ಆದರೆ ಕುಟುಂಬ ಅಂದರೆ ಯಾವುದು? ಒಂದೇ ಗುಡಿಸಲಲ್ಲಿ ಅಣ್ಣ, ತಮ್ಮ, ಸತ್ತ ತಮ್ಮನ ಹೆಂಡತಿ, ಹೊಸದಾಗಿ ಮದುವೆಯಾದ ಮಗ ಎಲ್ಲ ಇರುತ್ತಿದ್ದರು. ಅದಕ್ಕೂ ಸಂಸ್ಥೆಯ ನಮೂನೆಯಲ್ಲಿ ದಾರಿ ಇತ್ತು. 'ಬೇರೆ ಒಲೆ: ಇದೆ, ಇಲ್ಲ' ಎಂದು ಒಂದು ಕಾಲಂ ಅಚ್ಚು ಹಾಕಿಸಿದ್ದರು. ಬೇರೆ ಒಲೆ ಇದ್ದರೆ ಬೇರೆ ಕುಟುಂಬ, ಇಲ್ಲದಿದ್ದರೆ ಇಲ್ಲ.

ಇದಕ್ಕೆ ನನ್ನ ಬುದ್ಧಿವಂತಿಕೆಯನ್ನೂ ಸೇರಿಸಿದೆ. ಮನೆ ಸಿಗುತ್ತದೆ ಎಂದರೆ ಯಾರಾದರೂ ಮೂರು ಕಲ್ಲಿಟ್ಟು ಒಲೆ ಎನ್ನಬಹುದಲ್ಲ? ಹಾಗಾಗಿ ಬರಿ ಬಾಯಿಮಾತು ನಂಬದೆ, ಪ್ರತಿಯೊಂದು ಒಲೆಯ ಬೂದಿಯ ಮೇಲೆ ಅಂಗೈ ಹಿಡಿದು ನೋಡುತ್ತಿದ್ದೆ. ಬಿಸಿ ಇದ್ದರೆ 'ಇದೆ', ತಣ್ಣಗಿದ್ದರೆ 'ಇಲ್ಲ'. ಬಡವ, ಬಲ್ಲಿದ, ನೆಂಟ, ಪರಿಚಿತ ಎಂಬ ಭೇದವೇ ಇಲ್ಲ. ಮೊದಲ ವರದಿಯಲ್ಲಿ 'ಎಲ್ಲರಿಗೂ ಒಂದೇ ಅಳತೆ ಬಳಸಲಾಗಿದೆ' ಎಂದು ಬರೆದಾಗ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಈಗ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ.

ಶ್ರಾವಣದ ಒಂದು ದಿನ ತೇರಗಾಂವ ದಾಟಿ, ರಸ್ತೆಯಲ್ಲಿಳಿದು ಮುಕ್ಕಾಲು ತಾಸು ನಡೆದು ಒಂದು ಸಿದ್ದಿ ಕೇರಿಗೆ ಹೋದೆ. ತಲುಪುವಾಗ ಹತ್ತು ಗಂಟೆ. ಮರಳಿ ಹಳಿಯಾಳಕ್ಕೆ ಬಸ್ಸು ಇದ್ದದ್ದು ಹನ್ನೆರಡೂವರೆಗೆ ಒಂದೇ. ಅದು ತಪ್ಪಿದರೆ ಕೇರಿಯಲ್ಲೇ ಉಳಿಯಬೇಕು, ಅದಕ್ಕೆ ನನ್ನ ಮನಸ್ಸು ಸಿದ್ಧವಿರಲಿಲ್ಲ. ಲಗುಬಗೆಯಿಂದ ಮನೆ ಮನೆ ಹೊಕ್ಕು ಹೊರಟೆ. ಕೇರಿಯ ಕೊನೆಯ ಗುಡಿಸಲಿನಲ್ಲಿ ಒಬ್ಬ ಹಿರಿಯ, ಅವನ ಹೆಂಡತಿ, ಮದುವೆಯಾದ ಮಗ, ಸೊಸೆ, ಜೊತೆಗೆ ತೀರಿಹೋದ ತಮ್ಮನ ಹೆಂಡತಿ, ಆಕೆಯ ಮಗಳು ಇದ್ದರು. ತಮ್ಮ ಕುಳಗಿ ಕಡೆ ಮರ ಕಡಿಯುವ ಕೆಲಸದಲ್ಲಿದ್ದಾಗ ಮರವೇ ಮೈಮೇಲೆ ಬಿದ್ದು ಸತ್ತವನು. ಆತನ ಹೆಂಡತಿ ಆ ಹೊತ್ತಿಗೆ ಮನೆಯಲ್ಲಿರಲಿಲ್ಲ.

ಹಿರಿಯನ ಒಲೆ ಬಿಸಿ ಇತ್ತು. ಅಂಗಳದ ಮೂಲೆಯಲ್ಲಿ ಮಗನ ಒಲೆ. ಅದರ ಮಣ್ಣು ಇನ್ನೂ ಹಸಿ, ಬೆಂಕಿ ಧಗಧಗ ಉರಿಯುತ್ತಿತ್ತು, ಮೇಲೆ ಮಾತ್ರ ಒಂದು ಪಾತ್ರೆಯೂ ಇಲ್ಲ. ನನಗೆ ನಗು ಬಂತು. ಆದರೆ ಅಳತೆ ಅಂದಮೇಲೆ ಅಳತೆ, 'ಇದೆ' ಎಂದು ಬರೆದೆ. ಗುಡಿಸಲಿನ ಹಿಂಬದಿಯ ಮಾಡಿನ ಕೆಳಗೆ ಮೂರನೆಯ ಒಲೆ. ಸಾರಿಸಿದ್ದು, ಬದಿಗೆ ಎರಡು ಗಡಿಗೆ, ಒಂದು ಊದುಗೊಳವೆ. ಅಂಗೈ ಹಿಡಿದೆ. ಬೂದಿ ತಣ್ಣಗಿತ್ತು.

"ಇದು ಯಾರದು?" ಎಂದು ಹಿರಿಯನ ಹೆಂಡತಿಯನ್ನು ಕೇಳಿದೆ.

"ನಮ್ಮ ನೆಗೆಣ್ಣಿದ್ರೀ, ತೀರಿಹೋದ ಮೈದುನನ ಹೆಂಡ್ತೀದು. ಆಕಿ ಬೆಂಕಿ ನಮ್ಮ ಒಲಿಯಿಂದನ ಒಯ್ತಾಳ."

ಬಾಗಿಲ ಬಳಿ ಹತ್ತು ವರ್ಷದ ಒಂದು ಹುಡುಗಿ ಯಾರದೋ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. "ನಮ್ಮವ್ವ ಸಂಜೀಕ ಒಲಿ ಹಚ್ತಾಳ್ರಿ, ಅಕ್ಕಾರ" ಎಂದಳು. ನಮೂನೆಯಲ್ಲಿ ಮಕ್ಕಳ ಮಾತಿಗೆ ಜಾಗವಿರಲಿಲ್ಲ. ಬ್ಯಾಗಿನಲ್ಲಿ ಮಕ್ಕಳಿಗೆಂದೇ ಇಟ್ಟಿದ್ದ ಪೆಪ್ಪರಮಿಂಟು ತೆಗೆದು ಅವಳ ಕೈಗೆ ಕೊಟ್ಟು ಕೆನ್ನೆ ತಟ್ಟಿದೆ. ನಂತರ ಆ ಒಲೆಯ ಮುಂದೆ 'ಇಲ್ಲ' ಎಂದು ಬರೆದು, ಬಸ್ಸಿಗೆ ಓಡಿದೆ.

ಪಟ್ಟಿಯನ್ನು ಕೇರಿಯಲ್ಲಿ ಓದಿ ಹೇಳಿದ ಮುಂದಿನ ವಾರ ಆ ತಣ್ಣನೆಯ ಒಲೆಯಾಕೆ ಹಳಿಯಾಳದ ನಮ್ಮ ಕಚೇರಿಗೆ ಬಂದಳು. ಮೂವತ್ತು ದಾಟಿದ ಹೆಂಗಸು. ಅರ್ಧ ದಾರಿ ನಡೆದು, ಅರ್ಧ ದಾರಿ ಯಾರದೋ ಚಕ್ಕಡಿಯಲ್ಲಿ ಬಂದಿದ್ದಳು. ತಾನು ಯಾರೆಂದು ಹೇಳಿ, ಬಾಗಿಲ ಚೌಕಟ್ಟು ಹಿಡಿದು ನಿಂತೇ ಮಾತಾಡಿದಳು.

"ಅಕ್ಕಾರ, ಪಟ್ಟಿಯೊಳಗ ನನ್ನ ಹೆಸರ ಇಲ್ಲಂತಲ್ರಿ. ಯಾಕ್ರಿ?"

"ನಿನ್ನ ಒಲಿ ತಣ್ಣಗಿತ್ತಲ್ಲಾ. ನಾನ ಕೈ ಇಟ್ಟ ನೋಡೇನಿ" ಎಂದೆ. ನನ್ನ ದನಿಯಲ್ಲಿ ಕಳ್ಳನನ್ನು ಹಿಡಿದವರ ಗತ್ತು ಇತ್ತು.

"ಯಾವಾಗ ನೋಡಿದ್ರಿ?"

"ಹನ್ನೊಂದರ ಸುಮಾರಿಗೆ."

ಆಕೆ ನನ್ನ ಮುಖವನ್ನೇ ನೋಡಿದಳು. "ಹನ್ನೊಂದಕ್ಕ ನಾ ಧಣ್ಯಾರ ಗದ್ಯಾಗ ಕಳಿ ತಗೀತಿದ್ನಿರೀ. ಕೆಲಸಕ್ಕ ಹೋದ ದಿನ ಅಲ್ಲೇ ಗಂಜಿ ಹಾಕ್ತಾರ. ಮಗಳಿಗೆ ಹಿಂದಿನ ದಿನದ ಅನ್ನ ಇಟ್ಟ ಹೋಗಿರ್ತೇನಿ. ನನ್ನ ಒಲಿ ಉರಿಯೂದು ಸಂಜೀಕ. ನೀವು ಸಂಜೀಕ ಬರಬೇಕಿತ್ರಿ."

ಬೆಂಕಿ ಭಾವನ ಒಲೆಯಿಂದ ಒಯ್ಯುವುದೇಕೆ ಎಂದು ಕೇಳಿದೆ. ಇನ್ನೂ ಎಲ್ಲಾದರೂ ಆಕೆಯ ಮಾತಿನಲ್ಲಿ ಬಿರುಕು ಸಿಗುತ್ತದೇನೋ ಎಂದು ಹುಡುಕುತ್ತಿದ್ದೆ. ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಅವರಲ್ಲಿ ಹಿರಿಯರ ಒಲೆಯ ಕೆಂಡ ತಂದು ಕಿರಿಯರು ಒಲೆ ಹಚ್ಚುವುದು ರೂಢಿ. ಕಡ್ಡಿಪೆಟ್ಟಿಗೆ ಇದ್ದರೂ ಅಷ್ಟೇ. ಬೇರೆ ಅಡಿಗೆ ಮಾಡಿಕೊಂಡರೂ ನಾವು ನಿಮ್ಮವರೇ ಎಂದು ತೋರಿಸುವ ರೀತಿ ಅದು. ಆ ಗೌರವವನ್ನೇ ನಾನು ಆಕೆಗೆ ಬೇರೆ ಒಲೆ ಇಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಹಿಡಿದಿದ್ದೆ.

"ಭಾವನ ಮನ್ಯಾಗ ಇದ್ದೀಯಲ್ಲ, ಅವರ ಹೊಸಾ ಮನ್ಯಾಗೂ ನಿನಗ ಜಾಗ ಇರತೈತಿ" ಎಂದೆ.

"ನನಗ ಇರತೈತ್ರಿ. ಮಗಳಿಗೆ ಇಲ್ಲ." ಆಗ ವಿಷಯ ಹೊರಬಂತು. ದಾಂಡೇಲಿಯಲ್ಲಿ ಒಂದು ಮನೆಯವರು ಕೂಸು ಆಡಿಸಲು ಹುಡುಗಿ ಬೇಕೆಂದು ಭಾವನಿಗೆ ಹೇಳಿ ಕಳಿಸಿದ್ದರು. ದಸರೆ ಮುಗಿದ ಕೂಡಲೇ ಕಳಿಸುತ್ತೇನೆಂದು ಆತ ಮಾತು ಕೊಟ್ಟಿದ್ದ. ಹುಡುಗಿ ಶಾಲೆಯಲ್ಲಿ ಮೂರನೆಯ ಇಯತ್ತೆ. "ಅವರ ಸೂರಿನ ಕೆಳಗ ಇರೂತನಕ ಅವರ ಮಾತನ ನಡಿಯೂದು. ನಂದ ಒಂದು ಮನಿ ಆತಂದ್ರ ನನ್ನ ಮಗಳು ಎಲ್ಲೂ ಹೋಗೂದಿಲ್ಲ. ಅದಕ್ಕ ಬಂದೇನ್ರಿ."

ಹೇಳಬೇಕಾದದ್ದು ಹೇಳಿ ಆಕೆ ಹೊರಟುಹೋದಳು. ನನ್ನ ಎದುರಿಗೆ ಎರಡು ಕುರ್ಚಿ ಖಾಲಿ ಇದ್ದವು. ಅಷ್ಟು ದೂರದಿಂದ ಬಂದವಳಿಗೆ ಕೂಡು ಎಂದೂ ಅನ್ನಲಿಲ್ಲ, ನೀರು ಬೇಕಾ ಎಂದೂ ಕೇಳಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವಳಿಗೆ ಸಲೀಸಾಗಿ 'ನೀನು' ಅನ್ನುತ್ತ ಕೂತಿದ್ದೆ, ಆಕೆ ನಿಂತು 'ನೀವು' ಅನ್ನುತ್ತಿದ್ದಳು. ಇದೆಲ್ಲ ಹೊಳೆದದ್ದು ಆಕೆ ರಸ್ತೆ ತಿರುಗಿ ಮರೆಯಾದ ಮೇಲೆ. ಬಾಗಿಲಿಗೆ ಬಂದು ನೋಡಿದೆ, ಒಳಗೆ ಹೋದೆ, ಮತ್ತೆ ಬಂದು ನೋಡಿದೆ. ನನಗೆ ನಾಚಿಕೆಯಾಗಿತ್ತು, ಆ ನಾಚಿಕೆಗೆ ಸಿಟ್ಟಿನ ಬಣ್ಣ ಹಚ್ಚಿ ಆಕೆಯ ಮೇಲೇ ತಿರುಗಿಸಲು ನೋಡುತ್ತಿದ್ದೆ.

ಆ ವಾರವೇ ಮುಂಡಗೋಡದ ಕಡೆ ಪಟ್ಟಿಯ ಕೆಲಸವಿತ್ತು. ಸನವಳ್ಳಿಯಲ್ಲಿ ಇಳಿದು, ಮೊದಲ ಮನೆ ಹೊಕ್ಕು, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಅಂಗೈ ಚಾಚಿದೆ. ಅದು ಬೂದಿಯವರೆಗೆ ಹೋಗಲೇ ಇಲ್ಲ. ಈ ಮನೆಯವಳು ಈಗ ಯಾರ ಹೊಲದಲ್ಲಿದ್ದಾಳೆ? ಎಲ್ಲಿ ಉಂಡಿದ್ದಾಳೆ? ಬೆಳಿಗ್ಗೆ ಹನ್ನೊಂದಕ್ಕೆ ಮನೆಯಲ್ಲಿ ಬಿಸಿ ಒಲೆ ಇಟ್ಟುಕೊಂಡು ಕೂರುವವರು ಕೇರಿಯಲ್ಲಿ ಯಾರು? ದುಡಿಯಲು ಹೋಗಬೇಕಾದ ಅಗತ್ಯ ಇತರರಿಗಿಂತ ಒಂದು ಗುಂಜಿಯಷ್ಟಾದರೂ ಕಡಿಮೆ ಇದ್ದವರು. ಎಲ್ಲರಿಗಿಂತ ಇಲ್ಲದವಳ ಒಲೆಯೇ ಎಲ್ಲರಿಗಿಂತ ತಣ್ಣಗಿರುತ್ತದೆ. ಹಾಗಾದರೆ ನಾನು ಇಷ್ಟು ದಿನ ಹುಡುಕಿ ಹುಡುಕಿ ಯಾರನ್ನು ಪಟ್ಟಿಯಿಂದ ಹೊರಗಿಟ್ಟೆ? ಅಲ್ಲಿಂದ ಎದ್ದವಳು ಒಂದಕ್ಷರ ಬರೆಯದೆ ಬಸ್ ನಿಲ್ದಾಣಕ್ಕೆ ಬಂದೆ. ಬಸ್ಸಿಗೆ ಇನ್ನೂ ಎರಡು ತಾಸು ಇತ್ತು, ಆ ಎರಡು ತಾಸೂ ರಸ್ತೆಯ ಆ ತುದಿಯಿಂದ ಈ ತುದಿಗೆ ನಡೆದೆ.

ನಮ್ಮ ಮೇಲ್ವಿಚಾರಕರು ವಯಸ್ಸಾದವರು, ಕೆಟ್ಟವರಲ್ಲ. ಪಟ್ಟಿ ತಪ್ಪಾಗಿದೆ ಎಂದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡವಾ, ಒಬ್ಬಾಕಿ ಬಂದು ಅತ್ತಳಂತ ಪಟ್ಟಿ ತಿದ್ದಿದ್ರ, ನಾಳೆ ಇಡೀ ಕೇರಿ ಬಂದ ನಿಂದರತೈತಿ."

"ಆಕಿ ಅಳಲಿಲ್ರೀ ಸರ."

"ಎಲ್ಲಾರಿಗೂ ಒಂದ ಅಳತಿ ಅಂತ ಬರದಾಕಿ ನೀನ. ಈಗ ಆ ಅಳತಿನ ಸುಳ್ಳಂತೀ ಏನು?"

"ಹೌದ್ರಿ. ಅಳತಿನ ಸುಳ್ಳು."

ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಅದಕ್ಕೆ ಸಹಿ ಹಾಕಬೇಕಾದವರು ಅವರೇ. ಕನ್ನಡಕ ಮತ್ತೆ ಹಾಕಿಕೊಂಡು, ತಾವೇ ಬಂದು ಒಲೆ ನೋಡುವುದಾಗಿ ಹೇಳಿದರು. ಸಂಜೆ ಬನ್ನಿ ಎಂದು ಕೇಳಿಕೊಂಡೆ. ಆಗುವುದಿಲ್ಲ, ಮಧ್ಯಾಹ್ನ ದಾಂಡೇಲಿಯಲ್ಲಿ ಸಭೆ ಇದೆ, ಗುರುವಾರ ಹನ್ನೊಂದಕ್ಕೆ ಜೀಪಿನಲ್ಲಿ ಬಂದು ಹೋಗುತ್ತೇನೆ ಎಂದರು. ಮತ್ತೆ ಅದೇ ಹನ್ನೊಂದು ಗಂಟೆ!

ಬುಧವಾರ ನಾನು ಮೊದಲ ಸಲ ಆ ಒಂದೇ ಬಸ್ಸು ಬಿಟ್ಟು ಕೇರಿಯಲ್ಲಿ ಉಳಿದೆ. ಶಾಲೆಯ ಮಾಸ್ತರರ ಮನೆಯಲ್ಲಿ ವಸತಿ. ಸೂರ್ಯ ಇಳಿಯುವ ಹೊತ್ತಿಗೆ ಆಕೆ ಗದ್ದೆಯಿಂದ ಬಂದಳು, ಕಾಲು ತೊಳೆದಳು, ಒಂದು ತೆಂಗಿನ ಚಿಪ್ಪು ಹಿಡಿದು ಭಾವನ ಒಲೆಗೆ ಹೋದಳು. ಮರಳಿ ಬಂದಾಗ ಚಿಪ್ಪಿನಲ್ಲಿ ಬೂದಿ, ಬೂದಿಯ ಮೇಲೆ ಎರಡು ಕೆಂಡ. ಊದುಗೊಳವೆ ಊದಿದಳು, ಪುಳ್ಳೆ ಹೊತ್ತಿಕೊಂಡವು, ಮಗಳು ಅಕ್ಕಿ ತೊಳೆದು ತಂದಳು. ಅಷ್ಟೇ. ಇಷ್ಟನ್ನು ನೋಡಲು ನನಗೆ ಒಂದು ಸಂಜೆ ಸಾಕಾಗಿತ್ತು.

ಅಷ್ಟಕ್ಕೇ ನಾನು ಸುಮ್ಮನಿರಬೇಕಲ್ಲ! "ನಾಳೆ ಕೆಲಸಕ್ಕ ಹೋಗಬ್ಯಾಡ. ಸಾಹೇಬ್ರು ಬರೂದಕ್ಕ ಅರ್ಧಾ ತಾಸ ಮೊದಲ ಒಲಿ ಹಚ್ಚಿಡು" ಎಂದು ಆಕೆಗೆ ಪಾಠ ಹೇಳಿಕೊಟ್ಟೆ. ಅಂಗಳದ ಆ ಹಸಿಮಣ್ಣಿನ ಒಲೆಗೆ ನಕ್ಕಿದ್ದವಳು ನಾನೇ.

"ಹನ್ನೊಂದಕ್ಕ ಒಲಿ ಹಚ್ಚಿ ಏನ್ ಬೇಯಸ್ಲಿರೀ?" ಎಂದು ಆಕೆ ಕೇಳಿದಳು. ಆದರೂ ಮಗಳ ಕಡೆ ನೋಡಿ, ಆಗಲಿ ಎಂದು ತಲೆಯಾಡಿಸಿದಳು.

ಗುರುವಾರ ಬೆಳಿಗ್ಗೆ ಆಕೆ ಕೆಲಸ ಬಿಟ್ಟು ಮನೆಯಲ್ಲಿ ನಿಂತಳು. ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಕೇರಿಗೆ ಬಂದ ಜಾಗಗಳು ಇಂತಿಷ್ಟೇ. ಆಕೆಯ ಹೆಸರು ಸೇರಿದರೆ ಒಂದು ಹೆಸರು ಹೋಗಬೇಕು, ಹೋಗುವುದು ಹಸಿಮಣ್ಣಿನ ಒಲೆಯವನದೇ ಎಂದು ಭಾವನಿಗೆ ಗೊತ್ತಾಗಿತ್ತು. ಆತನಿಗೂ ಸಿಟ್ಟು ಬರಬೇಕಾದ್ದೇ. ಮಗನಿಗೂ ಮನೆ ಬೇಕಿತ್ತು, ಅದೇನೂ ಸುಳ್ಳಲ್ಲ. ಎಲ್ಲರೂ ಆ ಎರಡು ಕೋಣೆಯಲ್ಲೇ ಮಲಗುತ್ತಿದ್ದರು. ಆಕೆ ಚಿಪ್ಪು ಹಿಡಿದು ಹೋದಾಗ ಭಾವನ ಹೆಂಡತಿ ಒಲೆಗೆ ಬೆನ್ನು ಹಾಕಿ ನಿಂತಳು. "ಇವತ್ತ ನಮ್ಮ ಒಲ್ಯಾಗ ಕೆಂಡ ಇಲ್ಲ" ಎಂದಳು. ಅವಳ ಬೆನ್ನ ಹಿಂದೆಯೇ ಬೆಂಕಿ ಉರಿಯುತ್ತಿತ್ತು. ಆಕೆ ಖಾಲಿ ಚಿಪ್ಪು ಹಿಡಿದು ಬಂದು ತನ್ನ ಒಲೆಯ ಮುಂದೆ ಕೂತಳು. ಹೊರಗೆ ಜೀಪಿನ ಸದ್ದು ಕೇಳಿತು.

ನಾನು ಬ್ಯಾಗು ತಡಕಾಡಿ ಕಡ್ಡಿಪೆಟ್ಟಿಗೆ ತೆಗೆದೆ. "ಲಗೂನ ಹಚ್ಚು" ಎಂದು ಕೈಗೆ ತುರುಕಲು ಹೋದೆ. ಆಕೆ ನನ್ನ ಕೈಯನ್ನು ಮೆಲ್ಲಗೆ ಬದಿಗೆ ಸರಿಸಿದಳು.

"ಬ್ಯಾಡ್ರೀ ಅಕ್ಕಾರ."

ಮೇಲ್ವಿಚಾರಕರು ಬಾಗಿ ಮಾಡಿನ ಕೆಳಗೆ ಬಂದರು. ಆಕೆ ಎದ್ದು ನಿಂತು ಅವರಿಗೆ ನೇರವಾಗಿ ಹೇಳಿದಳು: "ಒಲಿ ತಣ್ಣಗೈತ್ರೀ ಸಾಹೇಬ್ರ. ಕೈ ಇಟ್ಟ ನೋಡ್ರಿ. ಯಾಕ ತಣ್ಣಗೈತಿ ಅನ್ನೂದನ್ನೂ ಬರಕೋರಿ."

ಅವರು ನಮೂನೆ ತಿರುಗಿಸಿ ಮುರುಗಿಸಿ ನೋಡಿದರು. 'ಯಾಕೆ' ಎಂಬುದಕ್ಕೆ ಅದರಲ್ಲಿ ಕಾಲಂ ಇರಲಿಲ್ಲ. ನಾನು ಅದನ್ನು ಅವರ ಕೈಯಿಂದ ಹೆಚ್ಚುಕಡಿಮೆ ಕಸಿದುಕೊಂಡೆ. ಹಾಳೆಯ ಹಿಂಬದಿಯ ಖಾಲಿ ಜಾಗದಲ್ಲಿ, ಒಲೆಕಟ್ಟೆಯ ಮೇಲೇ ಇಟ್ಟುಕೊಂಡು ಬರೆದೆ: ಈಕೆ ಹಗಲು ಯಾರ ಗದ್ದೆಯಲ್ಲಿ ದುಡಿಯುತ್ತಾಳೆ, ಎಲ್ಲಿ ಉಣ್ಣುತ್ತಾಳೆ, ಯಾವಾಗ ಒಲೆ ಹಚ್ಚುತ್ತಾಳೆ, ಇವತ್ತು ಕೆಂಡ ಯಾಕೆ ಸಿಗಲಿಲ್ಲ. ಮೊದಲ ಸಲ ಬಂದಾಗ ಈಕೆಯ ಮಗಳು ಸತ್ಯ ಹೇಳಿದ್ದಳು, ನಾನು ಬರೆದುಕೊಳ್ಳಲಿಲ್ಲ, ತಪ್ಪು ನನ್ನದು ಎಂದೂ ಬರೆದು ಸಹಿ ಹಾಕಿದೆ. ಅವರು ಓದಿದರು. ಕಾಗದ ಮಡಿಸಿ ಕಿಸೆಯಲ್ಲಿಟ್ಟುಕೊಂಡು, "ಕಮಿಟಿ ಮುಂದ ಇಡತೇನವಾ. ಯಾವಾಗ ಆಗತೈತೋ ನೋಡೂಣು" ಎಂದು ಜೀಪು ಹತ್ತಿದರು.

ಅಲ್ಲಿಂದ ಮುಂದೆ ನಾನು ಸಂಜೆಯ ಹೊತ್ತಿಗೇ ಕೇರಿಗಳಿಗೆ ಹೋಗತೊಡಗಿದೆ. ಹೋದಲ್ಲೆಲ್ಲ 'ಇಲ್ಲ' ಎಂದು ಬರೆದ ಮನೆಗಳಲ್ಲಿ ಒಂದೊಂದು ಒಲೆ ಉರಿಯುತ್ತಿತ್ತು. ಕೆಲವನ್ನು ತಿದ್ದಲು ಸಾಧ್ಯವಾಯಿತು, ಕೆಲವಕ್ಕೆ ಹೊತ್ತು ಮೀರಿತ್ತು. ಕಮಿಟಿ ಸೇರಿದ್ದು ದೀಪಾವಳಿ ಆದ ಮೇಲೆ. ಆಕೆಯ ಹೆಸರು ಪಟ್ಟಿಗೆ ಬಂತು, ಭಾವನ ಮಗನ ಹೆಸರು ಮುಂದಿನ ವರ್ಷಕ್ಕೆ ಹೋಯಿತು. ಆದರೆ ದಸರೆ ಅದಕ್ಕೂ ಮೊದಲೇ ಮುಗಿದುಹೋಗಿತ್ತು. ಹುಡುಗಿಯನ್ನು ದಾಂಡೇಲಿಗೆ ಕಳಿಸಿಬಿಟ್ಟಿದ್ದರು. ಈ ಸುದ್ದಿ ಕೇಳಿದ ದಿನ ಕಚೇರಿಯಲ್ಲಿ ನಾನು ಊಟ ಮಾಡಲಿಲ್ಲ. ನನ್ನಿಂದ ಆದದ್ದು ಇದು ಎಂದು ಎಲ್ಲರೆದುರು ಹೇಳಿದೆ. ನಿನ್ನಿಂದ ಏನು ಮಾಡಲಾಗುತ್ತಿತ್ತು ಎಂದು ಸಮಾಧಾನ ಹೇಳಿದರು. ಸಂಜೆಗೆ ಹೋಗಬಹುದಿತ್ತು.

ಮನೆಗೆ ಹೆಂಚು ಏರಿದ್ದು ಮರುವರ್ಷದ ಮಳೆಗಾಲ ಕಳೆದ ಮೇಲೆ. ಅದಾದ ಮಾರನೆಯ ದಿನವೇ ಆಕೆ ದಾಂಡೇಲಿಗೆ ಹೋಗಿ ಮಗಳನ್ನು ಕರೆತಂದಳಂತೆ. ಯಾರನ್ನೂ ಕೇಳಲಿಲ್ಲ. ನನಗೂ ಹೇಳಿ ಕಳಿಸಿದಳು: ಒಲೆ ಹಚ್ಚುತ್ತೇವೆ, ಸಂಜೆಗೆ ಬನ್ನಿ. ಕೊನೆಯ ಎರಡು ಮಾತು ಆಕೆ ಬೇಕೆಂದೇ ಹೇಳಿದಳೋ ಏನೋ, ನನಗಂತೂ ಚುರುಕ್ಕೆಂದಿತು.

ಹೋದೆ. ನಾನು ಬರುವ ಮೊದಲೇ ಒಂದು ಚಾಪೆ ಹಾಸಿಟ್ಟಿದ್ದರು. ಸಣ್ಣ ಮನೆ, ಮಣ್ಣಿನ ಗೋಡೆ ಇನ್ನೂ ಪೂರ್ತಿ ಒಣಗಿರಲಿಲ್ಲ. "ಕೆಂಡ ಎಲ್ಲಿಂದ ತರ್ತೀರಿ?" ಎಂದು ಕೇಳಿದೆ. ಆ ಹೊತ್ತಿಗೆ ನಾನು ಆಕೆಗೆ ನೀವು ಅನ್ನಲು ಕಲಿತಿದ್ದೆ.

"ಭಾವಾರ ಒಲಿಯಿಂದನ ರೀ. ಮತ್ತೆಲ್ಲಿಂದ? ಮಗಳನ್ನ ಕಳಿಸೇನಿ. ಹುಡುಗಿಗೆ ಇಲ್ಲ ಅನ್ನೂದಿಲ್ಲ ಅವರು."

ಹುಡುಗಿ ಚಿಪ್ಪು ಹಿಡಿದು ಅಂಗಳ ದಾಟಿ ಬಂದಳು. ಉದ್ದವಾಗಿದ್ದಳು. ಒಲೆಯ ಮುಂದೆ ಕೂತು, ದೊಡ್ಡವರ ಹಾಗೆ ಪುಳ್ಳೆ ಜೋಡಿಸಿ, ಕೆಂಡ ಇಟ್ಟು, ಊದುಗೊಳವೆ ಊದಿದಳು. ಬೇರೆಯವರ ಮನೆಯಲ್ಲಿ ಒಂದು ವರ್ಷ ದುಡಿದ ಕೈ ಎಂದು ನೋಡಿದರೇ ಗೊತ್ತಾಗುತ್ತಿತ್ತು. ನಾಳೆಯಿಂದ ಶಾಲೆಗೆ ಹೋಗುತ್ತೀಯಾ ಎಂದು ಕೇಳಿದೆ. "ನನ್ನ ವಾರಿಗಿಯವ್ರೆಲ್ಲಾ ಮುಂದಿನ ಇಯತ್ತೇಕ ಹೋಗ್ಯಾರ್ರೀ. ಸಣ್ಣವರ ಜೋಡಿ ಕುಂದರಾಕ ನನಗ ನಾಚಿಕಿ ಬರತೈತಿ" ಎಂದಳು. ಅವಳ ತಾಯಿ ನನ್ನ ಕಡೆ ನೋಡಲಿಲ್ಲ, ಅಕ್ಕಿ ಆರಿಸುತ್ತಲೇ ಇದ್ದಳು. ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು, ಜೀವನದಲ್ಲಿ ಮೊದಲ ಸಲ ಏಳದೆ ಕೂತೆ.

ಬೆಂಕಿ ಹತ್ತಿಕೊಂಡಿತು. ಹುಡುಗಿ ಬದಿಗೆ ಸರಿದು ನನಗೆ ಜಾಗ ಬಿಟ್ಟಳು.

"ಕೈ ಇಟ್ಟ ನೋಡ್ರೀ, ಅಕ್ಕಾರ. ಬಿಸಿ ಐತಿ."

"ಬ್ಯಾಡವಾ. ನೀ ಹೇಳಿದ್ರ ಸಾಕು, ನಂಬತೇನಿ" ಎಂದೆ.

ಅವಳು ನನ್ನನ್ನು ನೋಡಿದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಅವತ್ತ ಹೇಳಿದ್ನಲ್ರೀ. ಪೆಪ್ಪರಮಿಂಟ ಕೊಟ್ರಿ."

ಹಾಗೆಂದು ಅಕ್ಕಿಯ ಗಡಿಗೆಯನ್ನು ಎತ್ತಿ ಒಲೆಯ ಮೇಲಿಟ್ಟಳು.